ಬಾಯಿಯ ಪಸೆ

ಹೋಮ್‌ವರ್ಕ್ ಮಾಡಿಲ್ಲ, ಮೇಷ್ಟ್ರು ನಿಮ್ಮ ಬೆಂಚಿನತ್ತಲೇ ಬರುತ್ತಿದ್ದಾರೆ. ಆಗ ನಾಲಿಗೆ ಅಂಗುಳಕ್ಕೆ ಅಂಟಿಕೊಂಡಂತಾಗುತ್ತದಲ್ಲವೇ? ಹೆದರಿದವರನ್ನು ಕಂಡು ‘ಬಾಯಿಯ ಪಸೆ ಆರಿತು’ ಎಂದು ನಮ್ಮ ಹಿರಿಯರು ಹೇಳುತ್ತಿದ್ದುದು ಬರೀ ಮಾತಲ್ಲ. ಭಯವಾದಾಗ ಜೊಲ್ಲು ನಿಜಕ್ಕೂ ಕಡಿಮೆಯಾಗುತ್ತದೆ, ಅಂಟಂಟಾಗುತ್ತದೆ.

ವೈರಸ್ಸಿನಿಂದ ನೆಗಡಿ, ಜ್ವರ ಬಂದಾಗಲೂ ಬಾಯಿ ಒಣಗುತ್ತದೆ. ಮೈ ಬಿಸಿಯಾಗಿ ನೀರಿನಂಶ ಹೋಗುತ್ತದೆ. ಮೂಗು ಕಟ್ಟಿರುವುದರಿಂದ ಬಾಯಲ್ಲಿ ಉಸಿರಾಡುತ್ತೇವೆ. ಊಟವೂ ಬೇಡವೆನಿಸುತ್ತದೆ. ಅಗಿದರೆ ತಾನೇ ಜೊಲ್ಲು ಊರುವುದು!

ಜೊಲ್ಲು ಎಂದರೆ ಮೂಗು ಮುರಿಯಬೇಡಿ, ಮಕ್ಕಳೇ. ದೊಡ್ಡವರ ಬಾಯಲ್ಲಿ ಅದು ದಿನಕ್ಕೆ ಸುಮಾರು 1 ಲೀಟರ್ ಊರುತ್ತದೆ. ಹಲ್ಲು ತೊಳೆಯುತ್ತದೆ, ಹಲ್ಲನ್ನು ಸವೆಸುವ ಹುಳಿಯನ್ನು ತಗ್ಗಿಸುತ್ತದೆ. ಒಂದು ತುತ್ತು ಅನ್ನವನ್ನು ನುಂಗದೆ ತುಂಬಾ ಹೊತ್ತು ಅಗಿದು ನೋಡಿ, ಸಿಹಿಯಾಗುತ್ತದೆ. ಅದೂ ಜೊಲ್ಲಿನ ಕೆಲಸವೇ. ಬ್ಯಾಕ್ಟೀರಿಯಾಗಳಿಂದ ಕಾಯುವ ಕೆಲಸವೂ ಅದರದೇ. 1921ರಲ್ಲಿ ಲಂಡನ್ನಿನ ವೈದ್ಯ ಅಲೆಕ್ಸಾಂಡರ್ ಫ್ಲೆಮಿಂಗ್ ಅವರಿಗೆ ನೆಗಡಿಯಾಗಿತ್ತು. ತಮ್ಮದೇ ಸಿಂಬಳವನ್ನು ಬ್ಯಾಕ್ಟೀರಿಯಾ ಬೆಳೆದ ತಟ್ಟೆಗೆ ಹಾಕಿ ನೋಡಿದರು. ಅದು ಬಿದ್ದ ಕಡೆ ಬ್ಯಾಕ್ಟೀರಿಯಾ ಕರಗಿದ್ದವು! ಕರಗಿಸಿದ ವಸ್ತುವಿಗೆ ಲೈಸೋಜೈಮ್ ಎಂದು ಹೆಸರಾಯಿತು. ಕಣ್ಣೀರಿನಲ್ಲೂ ಜೊಲ್ಲಿನಲ್ಲೂ ಅದು ಇದೆ. ಪ್ರಯೋಗಕ್ಕೆ ಕಣ್ಣೀರು ಬೇಕೆಂದು ಅವರು ನಿಂಬೆಹಣ್ಣು ಹಿಂಡಿ ಕಣ್ಣಲ್ಲಿ ನೀರು ಬರಿಸುತ್ತಿದ್ದರಂತೆ.

ಜೊಲ್ಲೆಂಬ ಇಂಥ ಕಾವಲುಗಾರ ಕಡಿಮೆಯಾದರೆ ಬಾಯಿಯ ಬ್ಯಾಕ್ಟೀರಿಯಾಗಳಿಗೆ ಹಬ್ಬ. ಬಾಯಿ ನಾರುತ್ತದೆ, ಹಲ್ಲು ಹುಳುಕಾಗಲು ದಾರಿಯಾಗುತ್ತದೆ. ನುಂಗಿದ ಎಂಜಲಿನ ಜೊತೆ ಆ ಬ್ಯಾಕ್ಟೀರಿಯಾಗಳು ಹೊಟ್ಟೆಗೂ ಇಳಿಯುತ್ತವೆ. ಅಲ್ಲಿನ ಆಮ್ಲ ಹೆಚ್ಚಿನವನ್ನು ಕೊಂದುಹಾಕುತ್ತದೆ. ಕರುಳಿನಲ್ಲಿ ಮಾತ್ರ ಬೇರೆಯೇ ಸಂಸಾರ: ಸೊಪ್ಪು, ಕಾಳುಗಳ ನಾರನ್ನು ತಿಂದು ಬದುಕುವ, ನಮಗೆ ಬೇಕಾದ ಬ್ಯಾಕ್ಟೀರಿಯಾಗಳು.

ಹೊಟ್ಟೆಗೂ ಮನಸ್ಸಿಗೂ ನಂಟಿದೆ. ಹೊಟ್ಟೆಯಿಂದ ಮಿದುಳಿನವರೆಗೆ ವೇಗಸ್ ಎಂಬ ಉದ್ದನೆಯ ನರವೊಂದಿದೆ. ಸುದ್ದಿ ಎರಡೂ ಕಡೆ ಓಡುತ್ತದೆ, ಹೊಟ್ಟೆಯಿಂದ ಮೇಲಕ್ಕೇ ಹೆಚ್ಚು. ಹಾಗಾಗಿ ಹೊಟ್ಟೆ ಕೆಟ್ಟಾಗ ಮನಸ್ಸು ಮಂಕಾಗುತ್ತದೆ, ಮನಸ್ಸು ಹೆದರಿದಾಗ ಹೊಟ್ಟೆ ಕಲಕುತ್ತದೆ.

ಜ್ವರದಲ್ಲಿ ಮಲಗಿದ ಮಗುವಿನ ಹತ್ತಿರ ಅಜ್ಜಿ ಕೂತು, ಗಂಜಿ, ನೀರು ಕುಡಿಸಿ, ಮಾತಾಡಿಸುತ್ತಾ ತಲೆ ನೇವರಿಸುವುದು ನನಗೆ ತುಂಬಾ ದೊಡ್ಡ ಆರೈಕೆಯಾಗಿ ಕಾಣುತ್ತದೆ. ನೀರಿನಿಂದ ಬಾಯಿಯ ಪಸೆ ಉಳಿಯುತ್ತದೆ, ಮಾತಿನಿಂದ ಅಂಜಿಕೆ ಇಳಿಯುತ್ತದೆ. ಮುಂದಿನ ಸಲ ಜ್ವರ ಬಂದರೆ ಆಗಾಗ ನೀರು ಗುಟುಕರಿಸಿ, ಸುಸ್ತಾಗಿದ್ದರೂ ಮೆಲ್ಲಗೆ ಹಲ್ಲುಜ್ಜಿ. ಭಯವಾದರೆ ಮನೆಯವರಿಗೆ ಹೇಳಿ. ಔಷಧದ ಸಿರಪ್ ಸಿಹಿಯಾಗಿರುತ್ತದೆ. ಅದನ್ನು ಕುಡಿದ ಮೇಲೆ ಬಾಯಿ ಮುಕ್ಕಳಿಸಿಯೇ ಮಲಗಿ.