ಅತಿವಾಹಕವನ್ನು ಒತ್ತಿದರೆ ಏನಾಗುತ್ತದೆ?
(ರಕ್ಷಕರ ಸಭೆಯಲ್ಲಿ ವಿಜ್ಞಾನ ಅಧ್ಯಾಪಿಕೆಯೊಬ್ಬರು ಆಡಿದ ಮಾತುಗಳು)



ಹಾಜರಿ, ಅಂಕಗಳ ವಿಷಯವನ್ನು ಮುಖ್ಯೋಪಾಧ್ಯಾಯರು ಆಗಲೇ ಹೇಳಿದ್ದಾರೆ. ನಾನು ನನ್ನದೇ ಒಂದು ತಪ್ಪನ್ನು ನಿಮ್ಮ ಮುಂದಿಡುತ್ತೇನೆ.

ಹತ್ತನೆಯ ತರಗತಿಯಲ್ಲಿ ವಿದ್ಯುತ್ ರೋಧದ ಪಾಠ ನಡೆಯುತ್ತಿತ್ತು. ಕೆಲವು ವಸ್ತುಗಳನ್ನು ಬಹಳ ತಣಿಸಿದರೆ, ಒಂದು ಉಷ್ಣತೆಯಲ್ಲಿ ಅವುಗಳ ರೋಧ ಪೂರ್ತಿ ಇಲ್ಲವಾಗುತ್ತದೆ. ಇವು ಅತಿವಾಹಕಗಳು, ಆ ಉಷ್ಣತೆಗೆ ಸಂಕ್ರಮಣ ಉಷ್ಣತೆ ಎಂದು ಹೆಸರು. 1911ರಲ್ಲಿ ಹಾಲೆಂಡಿನ ಕ್ಯಾಮರ್ಲಿಂಗ್ ಓನ್ಸ್ ಇದನ್ನು ಪಾದರಸದಲ್ಲಿ ಮೊದಲು ಕಂಡರು, ಸುಮಾರು ಮೈನಸ್ 269 ಡಿಗ್ರಿ ಸೆಲ್ಸಿಯಸ್‌ನಲ್ಲಿ. "ಈ ಉಷ್ಣತೆ ಆಯಾ ವಸ್ತುವಿಗೆ ನಿಗದಿಯಾದದ್ದು, ಬದಲಾಗದು" ಎಂದುಬಿಟ್ಟೆ.

ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದಳು. "ಟೀಚರ್, ಕುಕ್ಕರಿನಲ್ಲಿ ಒತ್ತಡ ಹೆಚ್ಚಾದರೆ ನೀರು ಕುದಿಯುವ ಉಷ್ಣತೆ ಏರುತ್ತದಲ್ಲ, ಇದನ್ನೂ ಒತ್ತಿದರೆ?" "ಅದು ಬೇರೆ, ಇದು ಬೇರೆ" ಎಂದು ಕೂರಿಸಿದೆ. ಮನೆಗೆ ಹೋಗಿ ಓದಿದಾಗ ತಪ್ಪು ನನ್ನದೆಂದು ತಿಳಿಯಿತು.

1986ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಬೆಡ್ನೋರ್ಜ್ ಮತ್ತು ಮ್ಯುಲ್ಲರ್ ಎಂಬವರು ಲ್ಯಾಂಥನಮ್, ಬೇರಿಯಮ್, ತಾಮ್ರ ಸೇರಿದ ಒಂದು ಆಕ್ಸೈಡನ್ನು ಪರೀಕ್ಷಿಸಿದರು. ಅದು 30 ಕೆಲ್ವಿನ್‌ನ ಆಸುಪಾಸಿನಲ್ಲೇ ಅತಿವಾಹಕವಾಗತೊಡಗಿತು. ಮೈನಸ್ 273 ಡಿಗ್ರಿಯನ್ನು ಸೊನ್ನೆಯೆಂದು ಎಣಿಸುವುದೇ ಕೆಲ್ವಿನ್. ಅಮೆರಿಕದ ಹ್ಯೂಸ್ಟನ್‌ನಲ್ಲಿ ಪಾಲ್ ಚು ಅದೇ ವಸ್ತುವನ್ನು ಬಲವಾಗಿ ಒತ್ತಿ ನೋಡಿದರು. ಉಷ್ಣತೆ 40 ಕೆಲ್ವಿನ್ ದಾಟಿ ಏರಿತು. ನಮ್ಮ ಹುಡುಗಿ ಕೇಳಿದ್ದು ಇದನ್ನೇ!

ಚು ಅಲ್ಲಿಗೇ ನಿಲ್ಲಲಿಲ್ಲ. ಹೊರಗಿನಿಂದ ಒತ್ತಿದಾಗ ಪರಮಾಣುಗಳು ಹತ್ತಿರವಾಗುತ್ತವೆ. ದೊಡ್ಡ ಪರಮಾಣುವಿನ ಜಾಗದಲ್ಲಿ ಚಿಕ್ಕದನ್ನಿಟ್ಟರೆ ಒಳಗಿನಿಂದಲೇ ಒತ್ತಿದಂತಾಗದೇ? ಲ್ಯಾಂಥನಮ್ಮಿನ ಬದಲು ಚಿಕ್ಕದಾದ ಇಟ್ರಿಯಮ್ ಬಂತು. 1987ರ ಆರಂಭದಲ್ಲಿ ಅವರೂ ವು ಮತ್ತು ಸಂಗಡಿಗರೂ 93 ಕೆಲ್ವಿನ್ ಮುಟ್ಟಿದರು. ಹುಟ್ಟಿದ ಹರಳಿನ ರಚನೆ ಎಣಿಸಿದ್ದಕ್ಕಿಂತ ಬೇರೆಯೇ ಆಗಿತ್ತು, ಆದರೆ ದಾರಿ ತೋರಿಸಿದ್ದು ಒತ್ತಡವೇ. ದ್ರವ ಸಾರಜನಕ 77 ಕೆಲ್ವಿನ್‌ನಲ್ಲಿ ಕುದಿಯುತ್ತದೆ. ಹಾಗಾಗಿ ದುಬಾರಿಯಾದ ದ್ರವ ಹೀಲಿಯಮ್ ಬೇಕಿಲ್ಲ, ಗಾಳಿಯಿಂದ ದೊರೆಯುವ ಸಾರಜನಕವೇ ಸಾಕಾಯಿತು.

ಇದು ಏಕೆ ಹೀಗೆ? ಈ ಹರಳುಗಳು ಒಂದರ ಮೇಲೊಂದು ಪೇರಿಸಿದ ನೀರುದೋಸೆಗಳಂತೆ. ವಿದ್ಯುತ್ ಹರಿಯುವುದು ತಾಮ್ರ-ಆಮ್ಲಜನಕದ ಪದರಗಳಲ್ಲಿ. ನಡುವಿನ ಪದರಗಳು ಅವಕ್ಕೆ ವಿದ್ಯುದಂಶವನ್ನು ಒದಗಿಸುತ್ತವೆ. ಒತ್ತಿದಾಗ ಪದರಗಳು ಸಮೀಪಿಸಿ, ಒದಗಿಸುವಿಕೆ ಹೆಚ್ಚುತ್ತದೆ. ವಿದ್ಯುದಂಶ ಕೊರತೆಯಿದ್ದಲ್ಲಿ ಸಂಕ್ರಮಣ ಉಷ್ಣತೆ ಏರುತ್ತದೆ; ಆಗಲೇ ಅತಿಯಾಗಿದ್ದಲ್ಲಿ ಇಳಿಯುತ್ತದೆ. ಥ್ಯಾಲಿಯಮ್ ಇರುವ ಕೆಲವು ಆಕ್ಸೈಡುಗಳಲ್ಲಿ ಇಳಿದದ್ದೂ ಉಂಟು. ಆದರೆ ಇದೊಂದೇ ಕಾರಣವಲ್ಲ. ಈ ವಸ್ತುಗಳ ಪೂರ್ಣ ವಿವರಣೆಯ ಬಗ್ಗೆ ವಿಜ್ಞಾನಿಗಳಲ್ಲಿ ಇಂದಿಗೂ ಒಮ್ಮತವಿಲ್ಲ.

ಪಾದರಸವಿರುವ ತಾಮ್ರದ ಆಕ್ಸೈಡೊಂದು 1993ರಲ್ಲಿ ಸುಮಾರು 133 ಕೆಲ್ವಿನ್ ತೋರಿಸಿತು. ಮರುವರ್ಷ ವಾಯುಮಂಡಲದ ಒತ್ತಡದ ಸುಮಾರು ಮೂರು ಲಕ್ಷ ಪಟ್ಟು ಒತ್ತಿದಾಗ ಅದು 164ಕ್ಕೆ ಏರಿತು. 2015ರಲ್ಲಿ ಜರ್ಮನಿಯ ಮೈಂಜ್‌ನಲ್ಲಿ, ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡನ್ನು ಎರಡು ವಜ್ರಗಳ ನಡುವೆ ಹದಿನೈದು ಲಕ್ಷ ಪಟ್ಟು ಒತ್ತಿ 203 ಕೆಲ್ವಿನ್ ಕಂಡರು. ಇದು ತಾಮ್ರದ ಆಕ್ಸೈಡುಗಳಿಗಿಂತ ಬೇರೆ ಜಾತಿಯ ವಸ್ತು. ಒತ್ತಡದಿಂದ ಕೋಣೆಯ ಉಷ್ಣತೆಯನ್ನೇ ಮುಟ್ಟಿದೆವೆಂದು 2020 ಮತ್ತು 2023ರಲ್ಲಿ ಪ್ರಕಟವಾದ ಎರಡು ಲೇಖನಗಳನ್ನು ಪತ್ರಿಕೆ ಆಮೇಲೆ ಹಿಂತೆಗೆದುಕೊಂಡಿತು. ಅಚ್ಚಾದ ಮಾತನ್ನೂ ಮರಳಿ ಪರೀಕ್ಷಿಸುವುದೇ ವಿಜ್ಞಾನದ ಕ್ರಮ.

ಹಾಗಾದರೆ ತರಗತಿಯಲ್ಲಿ ಆಡಿದ ನನ್ನ ಮಾತನ್ನೂ ಹಿಂತೆಗೆದುಕೊಳ್ಳಬೇಕಲ್ಲವೇ? ಆದರೆ ನನಗೆ ಧೈರ್ಯ ಬರಲು ಒಂದು ವಾರ ಬೇಕಾಯಿತು. ಆ ವಾರವೆಲ್ಲ ಆ ಹುಡುಗಿ ಕೈ ಎತ್ತಲಿಲ್ಲ. ನನ್ನನ್ನು ಕಾಡಿದ್ದು ಅದೇ. ಕೊನೆಗೆ ಎಲ್ಲರೆದುರು ಹೇಳಿದೆ: "ಕುಕ್ಕರಿನಲ್ಲಿ ನಡೆಯುವ ಕ್ರಿಯೆ ಬೇರೆ, ನಿಜ. ಆದರೆ ನಿನ್ನ ಪ್ರಶ್ನೆ ಸರಿ, ನನ್ನ ಉತ್ತರ ತಪ್ಪು." ಮರುದಿನ ಅವಳು ಇನ್ನೆರಡು ಪ್ರಶ್ನೆ ತಂದಳು.

ಕನ್ನಡದಲ್ಲಿ ಓದಿದರೆ ವಿಜ್ಞಾನ ತಲೆಗೆ ಹೋದೀತೇ ಎಂದು ನಿಮ್ಮಲ್ಲಿ ಕೆಲವರು ನನ್ನನ್ನು ಕೇಳಿದ್ದೀರಿ. ಈ ಪ್ರಶ್ನೆ ನಿಮ್ಮದೇ ಅಡಿಗೆ ಮನೆಯಿಂದ, ನಿಮ್ಮದೇ ಮಾತಿನಲ್ಲಿ ಬಂತು. ನನ್ನದೊಂದೇ ವಿನಂತಿ. ಸಂಜೆ ಮಗು ಮನೆಗೆ ಬಂದಾಗ ಎಷ್ಟು ಅಂಕ ಬಂತೆಂದು ಕೇಳುವ ಮೊದಲು, ಇವತ್ತು ಟೀಚರ ಹತ್ತಿರ ಏನು ಕೇಳಿದೆ ಎಂದು ವಿಚಾರಿಸಿ. ನಾವು ಉತ್ತರ ಕೊಡದೆ ಕೂರಿಸಿದ್ದರೆ, ಶಾಲೆಗೆ ಬಂದು ನಮಗೂ ತಿಳಿಸಿ.