ಎಸೆಯದೆ ಉಳಿಸಿದ ಕಾಗದಗಳು



ಮೂರು ಸಾವಿರ ವರ್ಷಗಳ ಯಹೂದಿ ಚರಿತ್ರೆಯನ್ನು ಒಂದು ಸಂಜೆಯಲ್ಲಿ ಹೇಳಿ ಮುಗಿಸುವುದು ಆಗದ ಮಾತು. ಅರಸರ ಪಟ್ಟಿ, ಯುದ್ಧಗಳ ಪಟ್ಟಿ ಒಪ್ಪಿಸುವುದಕ್ಕೆ ನನಗೆ ಮನಸ್ಸೂ ಇಲ್ಲ. ಈ ಜನ ಬಹುಕಾಲ ಬದುಕಿದ್ದೇ ಸ್ವಂತ ರಾಜ್ಯವಿಲ್ಲದೆ. ಕೋಟೆಯಿಲ್ಲ, ಸೈನ್ಯವಿಲ್ಲ, ಶಾಸನ ಹಾಕಿಸುವ ದೊರೆಯಿಲ್ಲ. ಅಂಥವರ ಚರಿತ್ರೆ ನಮ್ಮವರೆಗೆ ಬಂದದ್ದು ಹೇಗೆ? ಬರೆದಿಟ್ಟರು, ಬರೆದದ್ದನ್ನು ಎಸೆಯಲಿಲ್ಲ. ಇವತ್ತು ಆ ಒಂದು ಜಾಡನ್ನೇ ಹಿಡಿದು ಹೋಗೋಣ.

ಕ್ರಿ.ಪೂ. 586ರಲ್ಲಿ ಬ್ಯಾಬಿಲೋನಿನ ನೆಬುಕದ್ನೆಚ್ಚರ ಜೆರುಸಲೇಮಿನ ಮೊದಲ ದೇವಾಲಯವನ್ನು ನಾಶಮಾಡಿ ಜನರನ್ನು ಸೆರೆ ಒಯ್ದ. ಪರ್ಷಿಯದ ಸೈರಸ್ ಅವರಿಗೆ ಮರಳಲು ಅಪ್ಪಣೆ ಕೊಟ್ಟ ಮೇಲೆ ಎರಡನೆಯ ದೇವಾಲಯ ಎದ್ದಿತು. ಕ್ರಿ.ಶ. 70ರಲ್ಲಿ ಟೈಟಸ್‌ನ ರೋಮನ್ ಸೇನೆ ಅದನ್ನೂ ಸುಟ್ಟಿತು. ರೋಮಿನಲ್ಲಿ ಟೈಟಸ್‌ನ ವಿಜಯದ ಕಮಾನು ಇಂದಿಗೂ ನಿಂತಿದೆ. ದೇವಾಲಯದ ಏಳು ಕವಲಿನ ದೀಪಸ್ತಂಭವನ್ನು ಸೈನಿಕರು ಹೆಗಲ ಮೇಲೆ ಹೊತ್ತು ಮೆರವಣಿಗೆ ಹೊರಟ ದೃಶ್ಯ ಅದರ ಒಳಗೋಡೆಯಲ್ಲಿದೆ. ಗೆದ್ದವರು ಕಲ್ಲಿನಲ್ಲಿ ಬರೆಸಿದ ಚರಿತ್ರೆ ಅದು.

ಸೋತವರು ಏನು ಮಾಡಿದರು? ಯೋಹಾನನ್ ಬೆನ್ ಜಕ್ಕಾಯ್ ಎಂಬ ಪಂಡಿತ ಯಾವ್ನೆ ಎಂಬ ಊರಿನಲ್ಲಿ ಪಾಠಶಾಲೆ ನಡೆಸಿದ. ಬಲಿಪೀಠ ಇಲ್ಲವಾದ ಮೇಲೆ ಪ್ರಾರ್ಥನೆ, ಅಧ್ಯಯನಗಳೇ ಧರ್ಮದ ನಡುಗಂಬವಾದವು. ಸುಮಾರು 200ರ ಹೊತ್ತಿಗೆ ಬಾಯಿಪಾಠವಾಗಿ ಬಂದ ಕಟ್ಟಳೆಗಳು ಮಿಶ್ನಾ ಎಂಬ ಗ್ರಂಥವಾಗಿ ಕೂಡಿಬಂದವು. ಅದರ ಮೇಲೆ ಶತಮಾನಗಳ ಚರ್ಚೆ ಬೆಳೆದು ತಾಲ್ಮುದ್ ಆಯಿತು. ತಾಲ್ಮುದ್‌ನ ಅಚ್ಚಾದ ಪುಟವೊಂದನ್ನು ನೀವು ನೋಡಬೇಕು. ನಡುವೆ ಮೂಲ. ಒಂದು ಪಕ್ಕದಲ್ಲಿ 11ನೆಯ ಶತಮಾನದ ಫ್ರಾನ್ಸಿನ ರಾಶಿ ಬರೆದ ವ್ಯಾಖ್ಯಾನ, ಇನ್ನೊಂದು ಪಕ್ಕದಲ್ಲಿ ಅವನ ನಂತರದವರು ಎತ್ತಿದ ಆಕ್ಷೇಪಗಳು. ವಾದದಲ್ಲಿ ಸೋತ ಪಂಡಿತನ ಅಭಿಪ್ರಾಯವನ್ನೂ ಹೆಸರಿನೊಂದಿಗೆ ಉಳಿಸಿದ್ದಾರೆ. ಒಪ್ಪದ ಮಾತನ್ನೂ ಅಳಿಸದ ಈ ಪದ್ಧತಿ ನನಗೆ ದೊಡ್ಡದಾಗಿ ಕಾಣುತ್ತದೆ.

ಈಗ ಈಜಿಪ್ಟಿಗೆ ಬರೋಣ. ಹಳೆಯ ಕೈರೋದ ಫುಸ್ತಾತ್‌ನಲ್ಲಿ ಬೆನ್ ಎಜ್ರಾ ಎಂಬ ಸಿನಗಾಗ್, ಅಂದರೆ ಯಹೂದಿ ಪ್ರಾರ್ಥನಾ ಮಂದಿರ, ಇದೆ. ದೇವರ ಹೆಸರಿರುವ ಬರಹವನ್ನು ಕಸಕ್ಕೆ ಹಾಕಬಾರದು ಎಂಬುದು ಯಹೂದಿ ಕಟ್ಟಳೆ. ಹಾಗಾಗಿ ಸವೆದ ಗ್ರಂಥಗಳನ್ನು ಮಣ್ಣು ಮಾಡುವವರೆಗೆ ಗೆನಿಜಾ ಎಂಬ ಕೋಣೆಯಲ್ಲಿ ಇಡುತ್ತಿದ್ದರು. ಫುಸ್ತಾತಿನ ಜನ ಗ್ರಂಥಗಳ ಜೊತೆಗೆ ಸಾಲಪತ್ರ, ಮದುವೆಯ ಕರಾರು, ಅಂಗಡಿ ಲೆಕ್ಕ, ಮಕ್ಕಳು ಅಕ್ಷರ ತಿದ್ದಿದ ಹಾಳೆ ಎಲ್ಲವನ್ನೂ ಅಲ್ಲಿ ತುಂಬಿದರು, ಮಣ್ಣು ಮಾಡಲೇ ಇಲ್ಲ. 1896ರಲ್ಲಿ ಸ್ಕಾಟ್ಲೆಂಡಿನ ಅವಳಿ ಸೋದರಿಯರಾದ ಆಗ್ನೆಸ್ ಲೂಯಿಸ್ ಮತ್ತು ಮಾರ್ಗರೆಟ್ ಗಿಬ್ಸನ್ ಕೊಂಡು ತಂದ ಹಾಳೆಯೊಂದನ್ನು ಕೇಂಬ್ರಿಜ್‌ನ ಸಾಲಮನ್ ಶೆಕ್ಟರ್ ಗುರುತು ಹಿಡಿದರು. ಆಮೇಲೆ ಕೈರೋಗೆ ಹೋದ ಅವರು ಅಲ್ಲಿನ ಧರ್ಮಗುರುಗಳ ಒಪ್ಪಿಗೆ ಪಡೆದು ಕೇಂಬ್ರಿಜ್‌ಗೆ ತಂದದ್ದು ಸುಮಾರು 1,93,000 ತುಣುಕುಗಳನ್ನು.

ಆ ತುಣುಕುಗಳಲ್ಲಿ ನಮ್ಮ ಮಂಗಳೂರಿದೆ. ಟ್ಯುನೀಶಿಯದ ಮಹ್ದಿಯಾ ಊರಿನ ಅಬ್ರಹಾಂ ಬೆನ್ ಯಿಜು ಎಂಬ ವ್ಯಾಪಾರಿ ಸುಮಾರು 1132ರಲ್ಲಿ ಇಲ್ಲಿಗೆ ಬಂದು, ಹದಿನೇಳು ವರ್ಷ ಹೆಚ್ಚುಕಡಿಮೆ ಇಲ್ಲೇ ನೆಲೆಸಿದ. ತುಳುನಾಡನ್ನು ಆಳುಪರು ಆಳುತ್ತಿದ್ದ ಕಾಲ ಅದು. ಮೆಣಸು, ಅಡಿಕೆಗಳನ್ನು ಯೆಮನ್‌ನ ಏಡನ್ ಬಂದರಿಗೆ ಕಳಿಸುವುದು ಅವನ ಕಸುಬು. ಹಿತ್ತಾಳೆ ಪಾತ್ರೆ ಮಾಡಿಸುವ ಕಾರ್ಖಾನೆಯನ್ನೂ ಇಟ್ಟಿದ್ದ. ಏಡನ್‌ನ ಗೆಳೆಯರು ಒಡೆದ ಪಾತ್ರೆಗಳನ್ನು ಹಡಗಿನಲ್ಲಿ ಕಳಿಸಿ, ಇಂಥಿಂಥದು ಮಾಡಿಸು, ಮಿಕ್ಕ ಲೋಹದಲ್ಲಿ ಒಂದು ದೀಪವನ್ನೂ ಮಾಡಿಸು ಎಂದು ಬರೆಯುತ್ತಿದ್ದರು. ಏಲಕ್ಕಿಗೆ ಮುಂಗಡ ತೆಗೆದುಕೊಂಡ ಇಲ್ಲಿನ ಒಬ್ಬ ಮಾಲು ಕೊಡದೆ ಸತಾಯಿಸಿದ ರಗಳೆಯೂ ಪತ್ರಗಳಲ್ಲಿದೆ. ಅತ್ತಲಿಂದ ಅವನಿಗೆ ಸಕ್ಕರೆ, ಒಣದ್ರಾಕ್ಷಿ, ಕಾಗದ ಬರುತ್ತಿದ್ದವು. ಕಾಗದ ಇಲ್ಲಿ ಸಿಗದ ವಸ್ತು. ಹಾಗಾಗಿ ಬಂದ ಪತ್ರದ ಬೆನ್ನಿಗೇ ಅವನು ಲೆಕ್ಕ ಬರೆದ, ಪದ್ಯವನ್ನೂ ಬರೆದ.

ಅವನ ಪರವಾಗಿ ಏಡನ್‌ಗೆ ಹೋಗಿ ವ್ಯವಹಾರ ಮುಗಿಸಿ ಬರುತ್ತಿದ್ದವನು ಇಲ್ಲಿನ ಒಬ್ಬ ಸೇವಕ. ವ್ಯಂಜನಗಳಲ್ಲಷ್ಟೇ ಬರೆದಿರುವ ಅವನ ಹೆಸರನ್ನು ಅಮಿತಾವ್ ಘೋಷ್ ‘ಬೊಮ್ಮ’ ಎಂದು ಓದಿದರು. 1992ರ ‘ಇನ್ ಆ್ಯನ್ ಆ್ಯಂಟಿಕ್ ಲ್ಯಾಂಡ್’ ಅವನನ್ನು ಹುಡುಕಿಹೊರಟ ಪುಸ್ತಕ. ಏಡನ್‌ನ ವರ್ತಕರು ತಮ್ಮ ಪತ್ರಗಳಲ್ಲಿ ಈ ಸೇವಕನಿಗೂ ನಮಸ್ಕಾರ ತಿಳಿಸುತ್ತಿದ್ದರು. 1132ರ ಅಕ್ಟೋಬರಿನಲ್ಲಿ ಬೆನ್ ಯಿಜು ಅಶು ಎಂಬ ದಾಸಿಯನ್ನು ಬಿಡುಗಡೆ ಮಾಡಿದ ಪತ್ರ ಉಳಿದಿದೆ. ಅವನ ಮಕ್ಕಳ ತಾಯಿ ಅವಳೇ ಎಂದು ವಿದ್ವಾಂಸರು ತಿಳಿಯುತ್ತಾರೆ. ಬಿಡುಗಡೆಯ ಜೊತೆಗೆ ಅವಳಿಗೆ ಬೆರಾಖಾ ಎಂಬ ಹೊಸ ಹೆಸರು ಬಂತು. ಅವಳನ್ನು ಕುರಿತು ಬರೆದದ್ದುಂಟು, ಅವಳೇ ಆಡಿದ ಒಂದು ಮಾತೂ ಇಲ್ಲ. ಸಾವಿರಾರು ಹಾಳೆಗಳ ನಡುವೆ ಈ ಮೌನ ನನ್ನನ್ನು ಕಾಡುತ್ತದೆ.

1148ರಲ್ಲಿ ಸಿಸಿಲಿಯ ದೊರೆ ಮಹ್ದಿಯಾವನ್ನು ಗೆದ್ದಾಗ ಬೆನ್ ಯಿಜುವಿನ ಅಣ್ಣತಮ್ಮಂದಿರು ದಿಕ್ಕಾಪಾಲಾದರು. ಮರುವರ್ಷ ಏಡನ್ ತಲುಪಿದ ಅವನು, ಉಳಿದವರು ಬನ್ನಿ, ನನ್ನ ಮಗಳನ್ನು ನಿಮ್ಮ ಮಗನಿಗೆ ಕೊಡುತ್ತೇನೆ ಎಂದು ಅವರಿಗೆ ಬರೆದ. 1156ರಲ್ಲಿ ಆ ಮದುವೆ ಫುಸ್ತಾತಿನಲ್ಲಿ ನಡೆಯಿತು. ಅದೇ ಫುಸ್ತಾತಿನಲ್ಲಿ ಮುಂದೆ ನೆಲೆಸಿದ ಮಹಾಪಂಡಿತ ಮೈಮೋನಿಡೀಸ್‌ನ ತಮ್ಮ ಡೇವಿಡ್ ಸರಕಿನೊಂದಿಗೆ ನಮ್ಮ ಸಮುದ್ರದಲ್ಲೇ ಮುಳುಗಿ ಸತ್ತ. ಆ ದುಃಖದಲ್ಲಿ ಅಣ್ಣ ಸುಮಾರು ಒಂದು ವರ್ಷ ಹಾಸಿಗೆ ಹಿಡಿದ.

ಮುಂದಿನ ಶತಮಾನಗಳನ್ನು ಬೇಗ ದಾಟೋಣ. 1492ರಲ್ಲಿ ಸ್ಪೇನ್ ಯಹೂದಿಗಳನ್ನು ಹೊರಹಾಕಿತು, ಆಟೊಮನ್ ಸಾಮ್ರಾಜ್ಯ ಬಹಳ ಮಂದಿಗೆ ಜಾಗ ಕೊಟ್ಟಿತು. 1791ರಲ್ಲಿ ಫ್ರಾನ್ಸ್ ಸಮಾನ ನಾಗರಿಕತ್ವ ಕೊಟ್ಟಿತು. ಒಂದು ಶತಮಾನದ ನಂತರ ಅದೇ ಫ್ರಾನ್ಸಿನಲ್ಲಿ ಡ್ರೈಫಸ್ ಎಂಬ ಯಹೂದಿ ಸೇನಾಧಿಕಾರಿಯ ಮೇಲೆ ಸುಳ್ಳು ದ್ರೋಹದ ಆರೋಪ ಬಂತು. ಆಮೇಲೆ ಹಿಟ್ಲರ್, ಸುಮಾರು 60 ಲಕ್ಷ ಕೊಲೆಗಳು.

ಆ ಕತ್ತಲಿನಲ್ಲೂ ಬರೆಯುವುದು ನಿಲ್ಲಲಿಲ್ಲ. ಯಹೂದಿಗಳನ್ನು ಕೂಡಿಹಾಕಿದ್ದ ವಾರ್ಸಾದ ಘೆಟ್ಟೋದಲ್ಲಿ ಇಮ್ಯಾನ್ಯುಯೆಲ್ ರಿಂಗೆಲ್‌ಬ್ಲಮ್ ಎಂಬ ಇತಿಹಾಸಕಾರ ಗುಟ್ಟಾಗಿ ಒಂದು ತಂಡ ಕಟ್ಟಿದ. ದಿನಚರಿ, ಶಾಲಾಮಕ್ಕಳ ಪ್ರಬಂಧ, ಪಡಿತರ ಚೀಟಿ, ಟ್ರಾಮ್ ಟಿಕೆಟ್, ಮಿಠಾಯಿ ಸುತ್ತಿದ ಕಾಗದವನ್ನೂ ಅವರು ಕೂಡಿಟ್ಟರು. ನಾವು ಸತ್ತರೂ ನಮ್ಮ ಕಥೆಯನ್ನು ಕೊಂದವರ ಬಾಯಿಂದ ಲೋಕ ಕೇಳಬಾರದು ಎಂಬ ಹಟ ಅದು. ತಗಡಿನ ಪೆಟ್ಟಿಗೆಗಳಲ್ಲಿ, ಹಾಲಿನ ಕ್ಯಾನುಗಳಲ್ಲಿ ತುಂಬಿ ನೆಲದಲ್ಲಿ ಹೂತರು. 1944ರಲ್ಲಿ ರಿಂಗೆಲ್‌ಬ್ಲಮ್‌ನನ್ನು ಹೆಂಡತಿ ಮಗನ ಸಮೇತ ಕೊಂದರು. ತಂಡದಲ್ಲಿ ಬದುಕುಳಿದವರು ಮೂವರು. ಅವರ ನೆರವಿನಿಂದ 1946ರಲ್ಲಿ ಹತ್ತು ಪೆಟ್ಟಿಗೆಗಳು ಸಿಕ್ಕವು. 1950ರಲ್ಲಿ ಎರಡು ಕ್ಯಾನುಗಳೂ ಸಿಕ್ಕವು. ಹೂತಿದ್ದ ಮೂರನೆಯ ಕಂತು ಸಿಕ್ಕೇ ಇಲ್ಲ.

1948ರಲ್ಲಿ ಇಸ್ರೇಲ್ ಹುಟ್ಟಿತು. ಆ ಯುದ್ಧದಲ್ಲಿ ಸುಮಾರು 7 ಲಕ್ಷ ಪ್ಯಾಲೆಸ್ತೀನಿಯರು ಮನೆ ಕಳೆದುಕೊಂಡರು. ಅವರ ಜಮೀನಿನ ಪತ್ರಗಳನ್ನೂ ಮನೆಯ ಕಾಗದಗಳನ್ನೂ ಇಷ್ಟೇ ಕಾಳಜಿಯಿಂದ ಕಾಯಬೇಕು ಎಂದು ಈ ವೇದಿಕೆಯಿಂದಲೇ ಹೇಳುತ್ತೇನೆ. ಮುಂದಿನ ವರ್ಷಗಳಲ್ಲಿ ಇರಾಕ್, ಯೆಮನ್, ಈಜಿಪ್ಟಿನ ಹಳೆಯ ಯಹೂದಿ ಕೇರಿಗಳು ಬರಿದಾದವು. ಬೆನ್ ಯಿಜುವಿನ ಗೆಳೆಯರ ಏಡನ್‌ನಲ್ಲೂ ಆ ಸಮುದಾಯ ಉಳಿಯಲಿಲ್ಲ.

ಕೇಂಬ್ರಿಜ್ ಈಗ ಗೆನಿಜಾದ ಹಾಳೆಗಳ ಚಿತ್ರಗಳನ್ನು ಅಂತರ್ಜಾಲದಲ್ಲಿ ಇಟ್ಟಿದೆ, ಯಾರು ಬೇಕಾದರೂ ನೋಡಬಹುದು. ವ್ಯಾಪಾರಿಗಳ ಪತ್ರಗಳ ಭಾಷೆ ಬಹುಪಾಲು ಅರಬ್ಬಿ, ಲಿಪಿ ಹೀಬ್ರೂ. ನಮ್ಮ ಕರಾವಳಿಯ ಊರುಗಳ, ಮನುಷ್ಯರ ಹೆಸರುಗಳು ಅವುಗಳಲ್ಲಿವೆ. ತುಳು, ಕನ್ನಡ ಬಲ್ಲ ನಾಲ್ಕು ಜನ ಎಳೆಯರು ಆ ಲಿಪಿ ಕಲಿತರೆ, ಅಶುವಿನ ನಾಡಿನವರೇ ಆ ಹೆಸರುಗಳನ್ನು ಓದಿದಂತಾಗುತ್ತದೆ. ಕಲಿಯುವ ಮನಸ್ಸಿದ್ದವರು ಸಭೆ ಮುಗಿದ ಮೇಲೆ ಬಂದು ಸಿಗಿ.