ಹಿನ್ನೆಲೆ ಸಂಗೀತ ಮತ್ತು ನಮ್ಮ ಚಿಕ್ಕಪ್ಪ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಆಡಿದ ಮಾತಿನ ಬರಹರೂಪ)

ನನ್ನನ್ನು ಕರೆದವರು ಸಾಫ್ಟ್‌ವೇರ್ ಕೆಲಸ ಸಿಗುವ ದಾರಿಯ ಬಗ್ಗೆ ಹತ್ತು ನಿಮಿಷ ಮಾತಾಡಿ ಅಂದಿದ್ದರು. ಅದನ್ನು ನನಗಿಂತ ಚೆನ್ನಾಗಿ ಹೇಳುವವರು ನಾಳೆ ಬರುತ್ತಿದ್ದಾರೆ. ನಾನು ಟೀವಿ ಬಗ್ಗೆ ಮಾತಾಡುತ್ತೇನೆ. ನನ್ನ ಕೆಲಸಕ್ಕೂ ಅದಕ್ಕೂ ಸಂಬಂಧ ಇದೆ, ಅಲ್ಲಿಗೆ ಆಮೇಲೆ ಬರುತ್ತೇನೆ.

1995ರ ಸುಮಾರಿನ ಮಾತು. ನಮ್ಮ ಬೀದಿಗೆಲ್ಲ ಒಂದೇ ಟೀವಿ, ಮರದ ಪೆಟ್ಟಿಗೆಯ ಕಪ್ಪು ಬಿಳುಪಿನದು. ಭಾನುವಾರ ಬೆಳಿಗ್ಗೆ ದೂರದರ್ಶನದಲ್ಲಿ ‘ಚಂದ್ರಕಾಂತಾ’ ಬರುತ್ತಿತ್ತು. ನಡುಮನೆಯಲ್ಲಿ ಜನ ಹಿಡಿಸದೆ ಕಿಟಕಿಯ ಸರಳು ಹಿಡಿದು ನೋಡುವವರೂ ಇದ್ದರು. ಅಷ್ಟು ಜನರಲ್ಲಿ ಹಿಂದಿ ಬರುತ್ತಿದ್ದವರು ಒಬ್ಬರೂ ಇರಲಿಲ್ಲ. ರಾಮಾಯಣ, ಮಹಾಭಾರತವಾದರೆ ಕಥೆ ಮೊದಲೇ ಗೊತ್ತು, ಭಾಷೆ ಬಾರದಿದ್ದರೂ ನಡೆಯುತ್ತದೆ. ಚಂದ್ರಕಾಂತಾ ಹಾಗಲ್ಲ. ಅದು ದೇವಕೀನಂದನ ಖತ್ರಿ ಅವರ ಹಿಂದಿ ಕಾದಂಬರಿಯಿಂದ ಬಂದದ್ದು, ಆ ರಾಜ ಯಾರು, ಈ ವೇಷ ಮರೆಸಿಕೊಂಡವನು ಯಾರು, ನಮಗೆ ತಲೆಬುಡ ತಿಳಿಯದು. ಆದರೂ ಕೇಡು ಬರುವುದಕ್ಕೆ ಮೊದಲೇ ನಮ್ಮಜ್ಜಿ ‘ಅಯ್ಯೋ, ಬಂದ ನೋಡು’ ಅನ್ನುತ್ತಿದ್ದರು. ಅವನು ಪರದೆಯ ಮೇಲೆ ಇನ್ನೂ ಬಂದೇ ಇರುತ್ತಿರಲಿಲ್ಲ. ಮುಂದೆ ಇದೇ ಶಾಲೆಗೆ ಬಂದಾಗ ನಮ್ಮ ಹಿಂದಿ ಮೇಷ್ಟ್ರು ನನ್ನ ಉತ್ತರ ಪತ್ರಿಕೆ ಎತ್ತಿ ಹಿಡಿದು, ‘ಅಷ್ಟೊಂದು ಸೀರಿಯಲ್ ನೋಡಿದವನಿಗೆ ಮೂವತ್ತಾರೇನಯ್ಯಾ?’ ಅಂದಿದ್ದರು. ಮೇಷ್ಟ್ರೇ, ಇವತ್ತು ಉತ್ತರ ಹೇಳುತ್ತೇನೆ. ನಾವು ನೋಡಿದ್ದು ಹಿಂದಿಯನ್ನಲ್ಲ, ಹಿನ್ನೆಲೆ ಸಂಗೀತವನ್ನು.

ಇದು ಹೇಗೆ ಸಾಧ್ಯ ಅಂತ ನೀವೇ ಯೋಚಿಸಿ ನೋಡಿ. ಪಕ್ಕದ ಮನೆಯಲ್ಲಿ ಮಾತಾಡುತ್ತಿರುವುದು ಗೋಡೆಯಾಚೆಯಿಂದ ಕೇಳಿಸುತ್ತದೆ, ಪದ ತಿಳಿಯುವುದಿಲ್ಲ. ಆದರೂ ಜಗಳವೋ, ಸಮಾಧಾನವೋ, ಅಳುವೋ ಗೊತ್ತಾಗುತ್ತದೆ. ದುಃಖದಲ್ಲಿರುವವರ ದನಿ ತಗ್ಗುತ್ತದೆ, ನಿಧಾನವಾಗುತ್ತದೆ. ಸಿಟ್ಟಿನ ದನಿ ಜೋರು, ಅವಸರ. ಸಂಗೀತ ಈ ನಡಿಗೆಯನ್ನೇ ಎರವಲು ಪಡೆಯುತ್ತದೆ. 1999ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಬಾಲ್ಕ್‌ವಿಲ್ ಮತ್ತು ಥಾಂಪ್ಸನ್ ಎಂಬ ಸಂಶೋಧಕರು ಹಿಂದೂಸ್ತಾನಿ ರಾಗಗಳ ಪರಿಚಯವೇ ಇಲ್ಲದ ಕೇಳುಗರಿಗೆ ಆ ರಾಗಗಳನ್ನು ಕೇಳಿಸಿದರು. ಸಂತೋಷ, ದುಃಖ, ಕೋಪ ಯಾವುದೆಂದು ಅವರು ಗುರುತಿಸಿದರು. ಶಾಂತ ಭಾವ ಮಾತ್ರ ಅಷ್ಟಾಗಿ ಸಿಕ್ಕಲಿಲ್ಲ. 2009ರಲ್ಲಿ ಥಾಮಸ್ ಫ್ರಿಟ್ಜ್ ಮತ್ತು ಸಂಗಡಿಗರು ಆಫ್ರಿಕಾದ ಕ್ಯಾಮರೂನಿನ ಬೆಟ್ಟಗಳಲ್ಲಿರುವ ಮಾಫಾ ಜನರಿಗೆ, ಅವರು ಎಂದೂ ಕೇಳಿರದ ಪಾಶ್ಚಾತ್ಯ ಸಂಗೀತ ಕೇಳಿಸಿ ಇಂಥದ್ದೇ ಫಲಿತಾಂಶ ಕಂಡರು.

ಹಾಗಂತ ಸಂಗೀತ ಎಲ್ಲರಿಗೂ ಒಂದೇ ಭಾಷೆ ಅಂತ ಭಾಷಣದಲ್ಲಿ ಹೇಳುತ್ತಾರಲ್ಲ, ಅದನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಹಿಂದಿ ಧಾರಾವಾಹಿಯಲ್ಲಿ ಶಹನಾಯಿ ಕೇಳಿದರೆ ಅಜ್ಜಿ ‘ಮದುವೆ’ ಅನ್ನುತ್ತಿದ್ದರು, ವಾಲಗ ಕೇಳಿ ಬೆಳೆದ ಕಿವಿ. ತೆರೆಯ ಮೇಲೆ ನೋಡಿದರೆ ಹೆಣ ಇರುತ್ತಿತ್ತು. ನಮ್ಮೂರಿನ ತಮಟೆಯನ್ನೇ ತಗೊಳ್ಳಿ. ಜಾತ್ರೆಯ ಹೊಡೆತ ಬೇರೆ, ಸಾವಿನ ಹೊಡೆತ ಬೇರೆ. ಹೊಲದಲ್ಲಿರುವಾಗಲೇ ನಮಗೆ ತಿಳಿಯುತ್ತದೆ, ಬೆಂಗಳೂರಿನಿಂದ ಬಂದ ನನ್ನ ಸಹೋದ್ಯೋಗಿಗೆ ಎರಡೂ ಹಬ್ಬವೇ. ಶಂಕರ್‌ನಾಗ್ ಆಗುಂಬೆಯಲ್ಲಿ ತೆಗೆದ ‘ಮಾಲ್ಗುಡಿ ಡೇಸ್’ ಕೂಡ ಹಿಂದಿಯಲ್ಲೇ ಬಂತು. ಎಲ್. ವೈದ್ಯನಾಥನ್ ಅವರ ಆ ಶೀರ್ಷಿಕೆ ರಾಗಕ್ಕೆ ಸಾಹಿತ್ಯವೇ ಇಲ್ಲ, ಬರೀ ಗುನುಗು. ಆದರೆ ಅದು ಶುರುವಾದರೆ ನಾವು ಅದನ್ನು ನಮ್ಮ ಊರಿನದೇ ಅಂದುಕೊಂಡೆವು.

ಈಗ ಚಿಕ್ಕಪ್ಪನ ವಿಷಯ. ಊರಿನವರಿಗೆಲ್ಲ ಅವರು ಗೊತ್ತು, ಮೂರನೇ ಸಾಲಿನಲ್ಲಿ ಕೂತಿದ್ದಾರೆ. ಆರನೇ ವಯಸ್ಸಿನಲ್ಲಿ ಜ್ವರ ಬಂದು ಕಿವಿ ಹೋಯಿತು. ಓದು ಬರಹ ಮಾತ್ರ ಹಟ ಹಿಡಿದು ಕಲಿತರು. ಭಾನುವಾರ ಅವರೂ ಟೀವಿ ನೋಡಲು ಬರುತ್ತಿದ್ದರು, ಬಂದವರು ಸುಮ್ಮನೆ ಕೂರುತ್ತಿರಲಿಲ್ಲ. ಟೀವಿಯ ಪಕ್ಕ ನಿಂತು ಪೆಟ್ಟಿಗೆಯ ಮೇಲೆ ಅಂಗೈ ಇಡುತ್ತಿದ್ದರು. ‘ಕರೆಂಟ್ ಹೊಡೀತದೆ’ ಅಂತ ಬೈದು ಎಬ್ಬಿಸುತ್ತಿದ್ದರು, ಸ್ವಲ್ಪ ಹೊತ್ತಿಗೆ ಮತ್ತೆ ಹೋಗಿ ನಿಲ್ಲುತ್ತಿದ್ದರು. ಎಲ್ಲರೂ ಕಣ್ಣೊರೆಸಿಕೊಳ್ಳುವ ಜಾಗದಲ್ಲಿ ಅವರು ನಗುತ್ತಿದ್ದದ್ದೂ ಉಂಟು. ನಾವು ಹುಡುಗರು ಅವರನ್ನು ಅಣಕಿಸಿ ನಗುತ್ತಿದ್ದೆವು. ಮುಂದಾಳು ನಾನೇ. ಇದನ್ನು ಈ ವೇದಿಕೆಯಲ್ಲಿ ಹೇಳಬೇಕು ಅಂತಲೇ ಬಂದೆ.

ನಾನು ಈಗ ಮಾಡುವ ಕೆಲಸ, ವಿಡಿಯೋದ ಕೆಳಗೆ ಬರುವ ಅಕ್ಷರಗಳದ್ದು. ಮಾತನ್ನು ಕಂಪ್ಯೂಟರ್ ತಾನೇ ಕೇಳಿ ಬರೆಯುವ ಹಾಗೆ ಪ್ರೋಗ್ರಾಂ ಬರೆಯುವ ತಂಡದಲ್ಲಿದ್ದೇನೆ. ಮೂರು ವರ್ಷದ ಹಿಂದೆ ಹಬ್ಬಕ್ಕೆ ಬಂದಾಗ ಲ್ಯಾಪ್‌ಟಾಪಿನಲ್ಲಿ ಒಂದು ಹಳೆಯ ಕನ್ನಡ ಧಾರಾವಾಹಿ ಹಾಕಿ, ಕೆಳಗೆ ಕನ್ನಡ ಅಕ್ಷರ ಬರುವ ಹಾಗೆ ಮಾಡಿ ಚಿಕ್ಕಪ್ಪನಿಗೆ ತೋರಿಸಿದೆ. ಹೆಮ್ಮೆಯಿಂದಲೇ ತೋರಿಸಿದೆ. ಮಾತೆಲ್ಲ ಸರಿಯಾಗಿ ಬಂತು. ಆಮೇಲೆ ತಾಯಿ ಬಾಗಿಲಲ್ಲಿ ನಿಂತು ಮಗ ಹೋಗುವುದನ್ನು ನೋಡುವ ದೃಶ್ಯ, ಮಾತಿಲ್ಲ. ಕೆಳಗೆ ಬಂದದ್ದು ಒಂದೇ ಪದ: ‘ಸಂಗೀತ’. ಚಿಕ್ಕಪ್ಪ ತಮ್ಮ ನೋಟ್‌ಬುಕ್ಕಿನಲ್ಲಿ ಬರೆದು ನನ್ನ ಕಡೆ ತಿರುಗಿಸಿದರು: ‘ಏನು ಸಂಗೀತ?’

ನನ್ನ ಹತ್ತಿರ ಉತ್ತರ ಇರಲಿಲ್ಲ. ನಮ್ಮ ಪ್ರೋಗ್ರಾಂಗೆ ಮದುವೆಯೂ ಸಂಗೀತ, ಹೆಣವೂ ಸಂಗೀತ. ಪೆನ್ನು ತೆಗೆದುಕೊಂಡು ‘ದುಃಖದ ಸಂಗೀತ’ ಅಂತ ಬರೆದೆ. ಅವರು ತಲೆಯಾಡಿಸಿ, ‘ದುಃಖ ಮುಖದಲ್ಲೇ ಕಾಣುತ್ತೆ. ಸದ್ದು ಹೇಗಿದೆ?’ ಅಂತ ಬರೆದರು. ಆವತ್ತು ರಾತ್ರಿ ಊಟ ತಡವಾಯಿತು. ಆ ಸಂಚಿಕೆಯನ್ನು ನಿಲ್ಲಿಸಿ ನಿಲ್ಲಿಸಿ ಬರೆದೆವು. ‘ಒಂದೇ ಕೊಳಲು, ಉಸಿರು ಮುಗಿಯುವ ಹಾಗೆ’ ಅಂದಾಗ ಅವರಿಗೆ ಏನೂ ಹತ್ತಲಿಲ್ಲ. ‘ಮಳೆ ನಿಂತ ಮೇಲೆ ಸೂರಿನಿಂದ ಬೀಳುವ ಹನಿಯ ಹಾಗೆ’ ಅಂದಾಗ ತಟಕ್ಕನೆ ನನ್ನ ಮುಖ ನೋಡಿದರು. ಆರು ವರ್ಷದವರೆಗೆ ಕೇಳಿದ ಸದ್ದುಗಳು ಅವರಲ್ಲಿ ಇನ್ನೂ ಇದ್ದವು.

ಟೀವಿ ಪೆಟ್ಟಿಗೆಯ ಮೇಲಿನ ಅಂಗೈಯ ಗುಟ್ಟೂ ಆವತ್ತೇ ಬಿಟ್ಟುಕೊಟ್ಟರು. ನಗಾರಿಯಂಥ ತಗ್ಗು ದನಿಗೆ ಮರ ಅದುರುತ್ತದೆ, ಅದು ಕೈಗೆ ತಿಳಿಯುತ್ತಿತ್ತಂತೆ. ಕೊಳಲಿಗೆ, ಪಿಟೀಲಿಗೆ ಅದುರುವುದಿಲ್ಲ. ಅಂದರೆ ಆ ಧಾರಾವಾಹಿಯ ಭಯ ಅವರಿಗೂ ಸಿಕ್ಕುತ್ತಿತ್ತು, ದುಃಖ ಸಿಕ್ಕುತ್ತಿರಲಿಲ್ಲ. ಹಿಂದಿ ಬಾರದ ನಮಗೆ ಅದು ಅಡ್ಡಿಯಾಗಲೇ ಇಲ್ಲ. ಅವರಿಗೂ ಅಡ್ಡಿಯಾಗಿದ್ದು ಹಿಂದಿಯಲ್ಲ.

ಈಗ ನಮ್ಮ ತಂಡದಲ್ಲಿ ಸಂಗೀತದ ಜಾಗದಲ್ಲಿ ವಾದ್ಯ, ವೇಗ, ಏರಿಳಿತ ಬರೆಯುವ ಪ್ರಯತ್ನ ನಡೆದಿದೆ. ಕೆಲಸ ಅರ್ಧವೂ ಆಗಿಲ್ಲ. ಕನ್ನಡದಲ್ಲಿ ಪದ ಹುಡುಕುವುದೇ ದೊಡ್ಡ ಕೆಲಸ, ಒಂದು ಸಾಲಿನೊಳಗೆ, ಎರಡು ಸೆಕೆಂಡಿನಲ್ಲಿ ಓದಿ ಮುಗಿಯಬೇಕು. ಸಿಕ್ಕ ಪದಗಳನ್ನು ಮೊದಲು ಚಿಕ್ಕಪ್ಪನಿಗೆ ಕಳಿಸುತ್ತೇನೆ. ಹೆಚ್ಚಿನವನ್ನು ಅವರು ಹೊಡೆದುಹಾಕುತ್ತಾರೆ.

ನಾನು ಈಗ ಆಡಿದ್ದು ಅವರಿಗೆ ಕೇಳಿಸಿಲ್ಲ. ಸಂಚಿಕೆಗೆ ಬರೆದುಕೊಡಿ ಎಂದು ಸಂಪಾದಕರು ಕೇಳಿದಾಗ ತಕ್ಷಣ ಒಪ್ಪಿದ್ದು ಅದಕ್ಕೇ. ಬೆಳಿಗ್ಗೆ ಮೆರವಣಿಗೆ ಬಂದಾಗ ಅವರು ಮೈಕಿನ ದೊಡ್ಡ ಬಾಕ್ಸಿಗೆ ಕೈ ಕೊಟ್ಟು ನಿಂತಿದ್ದರು. ಸ್ವಯಂಸೇವಕ ಮಕ್ಕಳು ಒಳ್ಳೆಯ ಮನಸ್ಸಿನಿಂದಲೇ ‘ತಾತ, ಆಚೆ ಬನ್ನಿ’ ಅಂತ ಕರೆದುಕೊಂಡು ಹೋದರು. ಸಂಜೆ ಸಾಂಸ್ಕೃತಿಕ ಕಾರ್ಯಕ್ರಮ ಇದೆ. ದೈಹಿಕ ಶಿಕ್ಷಕರಲ್ಲಿ ಒಂದು ವಿನಂತಿ, ಆ ಬಾಕ್ಸಿನ ಪಕ್ಕ ಒಂದು ಕುರ್ಚಿ ಹಾಕಿಸಿಕೊಡಿ.